ಹರಾಜು ಕೂಗುವವನೂ ಅವನೇ, ನಮ್ಮ ಪರವಾಗಿ ಬಿಡ್ ಹಾಕುವವನೂ ಅವನೇ

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಕಾಣುವ ಆ್ಯಡ್‌ಗಳ ಜಾಗ ಹರಾಜಾಗುತ್ತದೆ; ಒಂದು ಕ್ಲಿಕ್ಕಿಗೆ ಎಷ್ಟು ಕೊಡುತ್ತೇವೆ ಅಂತ ಹೇಳುವುದೇ ಬಿಡ್. ಅಲ್ಲಿ ಆ್ಯಡ್ ಹಾಕುವ ಸಣ್ಣ ವ್ಯಾಪಾರಸ್ಥರು ಸಿಕ್ಕಾಗಲೆಲ್ಲ "ಕ್ಲಿಕ್‌ಗೆ ಎಷ್ಟು ಬಿಡ್ ಹಾಕಲಿ?" ಅಂತ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಹರಾಜಿನ ನಿಯಮ ಏನು ಅಂತ. ನಿಯಮ ಹೇಗಿದೆಯೋ ಜನ ಹಾಗೇ ಆಡುತ್ತಾರೆ.

ಹುಡುಕಾಟದ ಪುಟದಲ್ಲಿ ಆ್ಯಡ್ ಜಾಗ ಹರಾಜು ಹಾಕುತ್ತಿದ್ದ ಅಮೆರಿಕದ ಓವರ್‌ಚರ್ ಕಂಪನಿಯನ್ನೇ ನೋಡಿ. 1998ರಲ್ಲಿ ಗೋಟು ಡಾಟ್ ಕಾಮ್ ಅಂತ ಶುರುವಾಗಿ, ಆಮೇಲೆ ಹೆಸರು ಬದಲಿಸಿಕೊಂಡು, 2003ರಲ್ಲಿ ಯಾಹೂ ಪಾಲಾಯಿತು. ಯಾರ ಬಿಡ್ ಜಾಸ್ತಿಯೋ ಅವರ ಆ್ಯಡ್ ಮೇಲೆ, ಕ್ಲಿಕ್ ಆದರೆ ಹಾಕಿದ ಬಿಡ್ ಅಷ್ಟನ್ನೂ ಕೊಡಬೇಕು. ಅಡಿಕೆ ಮಂಡಿಯ ಟೆಂಡರ್‌ನಲ್ಲಿ ಬರೆದ ದರ ಬರೆದದ್ದೇ, ಪಕ್ಕದವನದನ್ನು ನೋಡಿ ತಿದ್ದುವಂತಿಲ್ಲ. ಆದರೆ ಓವರ್‌ಚರ್‌ನಲ್ಲಿ ಎಲ್ಲರ ಬಿಡ್ ಎಲ್ಲರಿಗೂ ಕಾಣುತ್ತಿತ್ತು, ಯಾವಾಗ ಬೇಕಾದರೂ ಬದಲಾಯಿಸಬಹುದಿತ್ತು.

ಒಂದು ಲೆಕ್ಕ ಹಾಕೋಣ. ಮೇಲಿನ ಜಾಗಕ್ಕೆ ದಿನಕ್ಕೆ 100 ಕ್ಲಿಕ್, ಕೆಳಗಿನದಕ್ಕೆ 50. ಒಂದು ಕ್ಲಿಕ್ಕಿನಿಂದ ಎ ಅನ್ನುವವನಿಗೆ 50 ರೂಪಾಯಿ ಲಾಭ, ಬಿಗೆ 20, ಸಿಗೆ 10. ಸಿ 10 ರೂಪಾಯಿಗೆ ನಿಂತಿದ್ದಾನೆ. ಬಿ ಒಂದು ಪೈಸೆ ಜಾಸ್ತಿ ಹಾಕುತ್ತಾನೆ, ಎ ಅವನಿಗಿಂತ ಒಂದು ಪೈಸೆ ಮೇಲೆ, ಮತ್ತೆ ಬಿ, ಮತ್ತೆ ಎ. ಹೀಗೆ ಏರುತ್ತಾ 15 ದಾಟಿದರೆ ಬಿಗೆ ಮೇಲಿನ ಜಾಗದಲ್ಲಿ 500 ರೂಪಾಯಿ ಕೂಡ ಉಳಿಯುವುದಿಲ್ಲ, ಕೆಳಗಿನ ಜಾಗದಲ್ಲೇ ಹತ್ತಿರ ಹತ್ತಿರ ಅಷ್ಟು ಸಿಗುತ್ತದೆ. ಸರಿ, ಅವನು ದಢಕ್ಕನೆ 10ಕ್ಕಿಂತ ಒಂದು ಪೈಸೆ ಮೇಲಕ್ಕೆ ಇಳಿಯುತ್ತಾನೆ. ಎ ಸುಮ್ನೆ 15 ಯಾಕೆ ಕೊಡಬೇಕು, ಅವನೂ ಇಳಿಯುತ್ತಾನೆ. ಮತ್ತೆ ಮೊದಲಿನಿಂದ ಶುರು.

ಇದು ಬರೀ ಕಾಗದದ ಲೆಕ್ಕವಲ್ಲ. ಎಡೆಲ್‌ಮನ್ ಮತ್ತು ಒಸ್ಟ್ರೋವ್‌ಸ್ಕಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಓವರ್‌ಚರ್‌ನ 2002-03ರ ಬಿಡ್‌ಗಳನ್ನು ತೆಗೆದು ನೋಡಿದಾಗ ಇದೇ ಏರಿಳಿತ ಕಂಡಿತು. ಈ ಆಟವನ್ನು ತಡೆದಿದ್ದರೆ ಓವರ್‌ಚರ್‌ಗೇ ಜಾಸ್ತಿ ದುಡ್ಡು ಬರುತ್ತಿತ್ತೇನೋ ಅಂತ ಅವರ ಅಂದಾಜು. ಬಿಡ್ ಹಾಕಿದವರನ್ನು ನಾನು ದೂರುವುದಿಲ್ಲ. ನಿಯಮ ಅವರಿಗೆ ಕಲಿಸಿದ್ದೇ ಅದು.

2002ರಲ್ಲಿ ಗೂಗಲ್ ಬೇರೆ ದಾರಿ ಹಿಡಿಯಿತು. ಆ್ಯಡ್‌ನ ಗುಣಮಟ್ಟದ ಲೆಕ್ಕ ಪಕ್ಕಕ್ಕಿಟ್ಟರೆ, ನಿಮ್ಮ ಕೆಳಗಿನವನ ಬಿಡ್‌ಗಿಂತ ಚೂರು ಜಾಸ್ತಿ ಕೊಟ್ಟರೆ ಸಾಕು. ಹಾಗಾದರೆ ನಮಗೆ ಕ್ಲಿಕ್ಕಿನ ಬೆಲೆ ಎಷ್ಟೋ ಅಷ್ಟನ್ನೇ ಬರೆದುಬಿಡಿ ಅಂತ ಎಷ್ಟೋ ಜನ ಸಲಹೆ ಕೊಡುತ್ತಾರೆ. ಅದು ತಪ್ಪು. ಮೇಲೆ 100 ಕ್ಲಿಕ್, ಕೆಳಗೆ 90 ಅಂದುಕೊಳ್ಳಿ. ನಿಮ್ಮ ಬೆಲೆ 50, ಎದುರಾಳಿಗಳ ಬಿಡ್ 40 ಮತ್ತು 10. ನಿಮ್ಮ ನಿಜವಾದ ಬೆಲೆ 50 ಅನ್ನೇ ಬರೆದರೆ ಮೇಲಿನ ಜಾಗ, ಉಳಿಯುವುದು 1000 ರೂಪಾಯಿ. 40ಕ್ಕಿಂತ ಕಡಿಮೆ ಹಾಕಿ ಎರಡನೇ ಜಾಗಕ್ಕೆ ಇಳಿದರೆ 3600! ಮೇಲೆ ಇರಲೇಬೇಕು ಅನ್ನುವ ಹಟಕ್ಕೆ ಎಷ್ಟು ದುಡ್ಡು ಹೋಗುತ್ತದೆ ನೋಡಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಂದಿನ ಸ್ಥಿತಿಗೆ. ಈಗ ಬೇರೆಯವರ ಬಿಡ್ ಕಾಣುವುದಿಲ್ಲ. ಒಬ್ಬ ಗ್ರಾಹಕನಿಗೆ ಎಷ್ಟು ಖರ್ಚು ಮಾಡಬಲ್ಲೆ ಅಂತ ಟಾರ್ಗೆಟ್ ಬರೆದುಕೊಟ್ಟರೆ ಗೂಗಲ್‌ನ ಯಂತ್ರವೇ ನಮ್ಮ ಪರವಾಗಿ ಬಿಡ್ ಹಾಕುತ್ತದೆ. ಅಂದರೆ ನಮ್ಮ ಗುಟ್ಟನ್ನು ಮಾರುವವನ ಕೈಗೇ ಕೊಟ್ಟ ಹಾಗಾಯಿತು, ಅಲ್ವಾ? ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಗೂಗಲ್‌ನ ಜಾಹೀರಾತು ವಿಭಾಗದ ಜೆರ್ರಿ ಡಿಷ್ಲರ್ 2023ರಲ್ಲಿ ಸಾಕ್ಷಿ ಹೇಳುತ್ತಾ, ಹರಾಜಿನಲ್ಲಿ ಬದಲಾವಣೆ ಮಾಡಿ ಜಾಹೀರಾತುದಾರರಿಗೆ ತಿಳಿಸದೆ ದರವನ್ನು ಶೇ. 5ರಷ್ಟು ಏರಿಸಿದ್ದುಂಟು ಅಂತ ಒಪ್ಪಿಕೊಂಡರು. ಮೊದಲ ಇಬ್ಬರ ಜಾಗವನ್ನು ಆಗಾಗ ಅದಲು ಬದಲು ಮಾಡಿ, ಮೇಲಿದ್ದವನು ಇನ್ನೂ ಜಾಸ್ತಿ ಬಿಡ್ ಹಾಕುವಂತೆ ಮಾಡುವ ತಂತ್ರವೂ ಅಲ್ಲಿ ಬಯಲಾಯಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ತೀರ್ಪು ಕೊಟ್ಟರು. ಮರುವರ್ಷದ ಆದೇಶದಲ್ಲಿ, ಹರಾಜಿನ ಮುಖ್ಯ ಬದಲಾವಣೆಗಳನ್ನು ಬಹಿರಂಗ ಮಾಡಬೇಕು ಅಂತಲೂ ಹೇಳಿದರು.

ಅಷ್ಟು ಸಾಲದು. ನಮ್ಮ ಖಾತೆಯಲ್ಲಿ ಪ್ರತಿ ಕ್ಲಿಕ್ಕಿನ ದರದ ಪಕ್ಕದಲ್ಲಿ, ಇದರಲ್ಲಿ ಎದುರಾಳಿಯ ಪೈಪೋಟಿಯಿಂದ ಬಂದದ್ದೆಷ್ಟು, ಗೂಗಲ್ ತಾನೇ ಇಟ್ಟ ಕನಿಷ್ಠ ದರದಿಂದ ಬಂದದ್ದೆಷ್ಟು ಅಂತ ಅದು ತೋರಿಸಲಿ. ಅದು ಬರುವ ತನಕ, ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಟಾರ್ಗೆಟ್‌ನಲ್ಲಿ ನಿಮ್ಮ ಪೂರ್ತಿ ಲಾಭ ಬರೆಯಬೇಡಿ, ಬಿಡ್‌ಗೆ ಮಿತಿ ಹಾಕಲು ಸಾಧ್ಯವಿರುವ ಕಡೆಯೆಲ್ಲ ಹಾಕಿ.