ಅದು ಕೊಳೆ ಅಲ್ಲ

ಬೆಳಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಭಾನುವಾರ ನಾನು ಹತ್ತುವ ಬೆಟ್ಟವೊಂದಿದೆ, ಮಧುಗಿರಿ ಕಡೆಯದ್ದು. ಇವತ್ತು ಅಲ್ಲಿ ಹುಡುಗರು ಶ್ರಮದಾನ ಮಾಡುತ್ತಿದ್ದರು. ಪ್ಲಾಸ್ಟಿಕ್ ಆರಿಸಿ ಮೂಟೆ ಕಟ್ಟಿದ್ದರು. ನೋಡಿ ಖುಷಿ ಆಯ್ತು. ಮೇಲೆ ಗುಡಿ ಹತ್ತಿರ ಹೋದರೆ ಇನ್ನೊಂದು ಗುಂಪು ತಂತಿ ಬ್ರಷ್ ಹಿಡಿದು ಬಂಡೆ ಉಜ್ಜುತ್ತಿದೆ! ಪಕ್ಕದಲ್ಲಿ ಆಸಿಡ್ ಕ್ಯಾನು. "ಕೊಳೆ ತೆಗೀತಿದೀವಿ ಅಂಕಲ್" ಅಂದ ಒಬ್ಬ.

ಕೊಳೆ ಅಲ್ಲಪ್ಪ ಅದು, ಕಲ್ಲುಹೂವು. ಬೂದು, ತಿಳಿ ಹಸಿರು, ಅಲ್ಲಲ್ಲಿ ಕಿತ್ತಳೆ ಬಣ್ಣದ ಆ ಮಚ್ಚೆಗಳಿಗೆಲ್ಲ ಜೀವ ಇದೆ. ಅದೂ ಒಂದಲ್ಲ, ಎರಡು ಜೀವದ ಸಂಸಾರ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಒಳಗೆ ಕೂತ ಸೂಕ್ಷ್ಮ ಪಾಚಿ (ಆಲ್ಗೆ) ಬಿಸಿಲಲ್ಲಿ ಊಟ ತಯಾರಿಸುತ್ತದೆ. ಬಂಡೆಗೆ ಅಂಟಿಕೊಂಡು ಬೆಳೆಯುವ ಹಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಆ ಹುಡುಗ ಒಂದು ನಿಮಿಷದಲ್ಲಿ ಉಜ್ಜಿ ತೆಗೆದ ಅಂಗೈ ಅಗಲದ ಮಚ್ಚೆಗೆ ಅವನಿಗಿಂತ ಜಾಸ್ತಿ ವಯಸ್ಸಾಗಿರಬೇಕು.

ನಮ್ಮ ಕಡೆಯ ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅಂಥ ಕಲ್ಲಿನ ಮೇಲೆ ಮಣ್ಣು ಎಲ್ಲಿಂದ ಬಂತು? ಕಲ್ಲುಹೂವು ಆಮ್ಲ ಬಿಟ್ಟು ಕಲ್ಲನ್ನು ಚೂರು ಚೂರೇ ಸಡಿಲ ಮಾಡುತ್ತದೆ. ಅಲ್ಲಿ ಧೂಳು ನಿಲ್ಲುತ್ತದೆ. ಆಮೇಲೆ ಮಖಮಲ್ಲಿನ ಥರ ಹಾಸಿಕೊಳ್ಳುತ್ತದಲ್ಲ, ಆ ಇನ್ನೊಂದು ಬಗೆಯ ಹಸಿರು ಪಾಚಿ (ಮಾಸ್) ಬರುತ್ತದೆ. ಅದಕ್ಕೆ ಬೇರೇ ಇಲ್ಲ, ಆದರೂ ತನ್ನ ತೂಕದ ಹಲವು ಪಟ್ಟು ನೀರು ಹೀರಿಕೊಂಡು ಕೂರುತ್ತದೆ. ಆ ತೇವದಲ್ಲೇ ಹುಲ್ಲು, ಜರಿಗಿಡ ಚಿಗುರುವುದು. ಇದನ್ನಾ ಕೊಳೆ ಅನ್ನೋದು? ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವೂ ಇಂಥದ್ದೇ. ದುಡ್ಡು ಕೊಟ್ಟು ತರುತ್ತೇವೆ, ಅಲ್ವಾ?

ಗಾಳಿ ಕೆಟ್ಟರೆ ಮೊದಲು ಸಾಯುವುದೂ ಇವೇ. ಬೇಕಾದ್ದನ್ನೆಲ್ಲ ಗಾಳಿ, ಮಳೆಯಿಂದ ಹೀರುವಾಗ ವಿಷವೂ ಒಳಗೆ ಹೋಗುತ್ತದೆ. 1866ರಲ್ಲೇ ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್‌ನಲ್ಲಿ ಇದನ್ನು ಗುರುತಿಸಿದ್ದರು. ಬಂಡೆ ಮೇಲೆ ಇವು ಬಗೆಬಗೆಯಾಗಿ ಬೆಳೆದಿವೆ ಅಂದರೆ ಆ ಗಾಳಿ ಇನ್ನೂ ಉಸಿರಾಡುವ ಹಾಗಿದೆ ಅಂತ.

ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ, "ಜನ ಜಾರಿ ಬೀಳಲ್ವೇನೋ? ಕೆತ್ತನೆ ಹಾಳಾಗಲ್ವಾ?" ಮೆಟ್ಟಿಲು ತೊಳೆಯಲಿ, ನೀರು ಪೊರಕೆ ಸಾಕು. ಕೆತ್ತನೆಯನ್ನು ಅದರ ಕೆಲಸ ಬಲ್ಲವರು ನೋಡಿಕೊಳ್ಳಲಿ. ಯಾರೂ ಕಾಲಿಡದ ಬಂಡೆ ಏನು ಮಾಡಿತ್ತು? ಆಸಿಡ್ ಹಾಕಿದರೆ ಕಲ್ಲಿಗೆ ಒಳ್ಳೆಯದಾ?

ನಾನೂ ಈ ತಪ್ಪು ಮಾಡಿದವನೇ. ಅಪ್ಪ ಕಟ್ಟಿಸಿದ ಬಾವಿಕಟ್ಟೆಯನ್ನು ಹಬ್ಬಕ್ಕೆ ಅಂತ ಆಸಿಡ್ ಹಾಕಿ ತೊಳೆಸಿದ್ದೆ. 12 ವರ್ಷ ಆಯ್ತು. ಆ ಕಲ್ಲು ಈಗಲೂ ಬೋಳು. ಊರಿಗೆ ಹೋದಾಗಲೆಲ್ಲ ಅದನ್ನು ನೋಡಿ ಸಂಕಟ ಆಗುತ್ತದೆ.

ಕೊನೆಗೆ ಆ ಹುಡುಗನನ್ನು ಕೂರಿಸಿಕೊಂಡು, ಒಣಗಿ ಕಂದಾಗಿದ್ದ ಆ ಮಖಮಲ್ ಪಾಚಿಯ ಮೇಲೆ ಬಾಟಲಿ ನೀರು ಹನಿಸಿದೆ. ನೋಡುತ್ತಿದ್ದ ಹಾಗೇ ಎಲೆ ಬಿಚ್ಚಿ ಹಸಿರಾಯಿತು. ಅವನು ಬ್ರಷ್ ಕೆಳಗಿಟ್ಟ. ಅಷ್ಟರಲ್ಲಿ ದೊಡ್ಡ ಗುಂಡು ಅರ್ಧ ಬೋಳಾಗಿತ್ತು.

ಮುಂದಿನ ಭಾನುವಾರವೂ ಬರುತ್ತಾರಂತೆ. ಏಳು ಗಂಟೆಗೆಲ್ಲ ನಾನು ಅಲ್ಲಿರುತ್ತೇನೆ. ತುಮಕೂರಿನವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ, ಕಾರಿನಲ್ಲಿ ಮೂರು ಸೀಟು ಖಾಲಿ ಇದೆ.