ಚಮಚ ಕಂಡ್ರೆ ಹೆದರ್ತಿದ್ದ ಹುಡುಗ

2024ರ ಅಕ್ಟೋಬರ್ 17. ಬೆಂಗಳೂರಲ್ಲಿ ಆ ವಾರ ಬಿಡದೆ ಮಳೆ. ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆಗೆ ಹೋಗಿತ್ತು, ಎರಡನೇ ದಿನ ನಮ್ಮವರು 46ಕ್ಕೆ ಆಲ್‌ಔಟ್ ಆದರು. ಸುಮಾರು ಜನಕ್ಕೆ ಆ ತಾರೀಖು ನೆನಪಿರೋದು ಅದಕ್ಕೇ. ನನಗೆ ಬೇರೆ ಕಾರಣಕ್ಕೆ. ಬೆಳಗ್ಗೆ ಎದ್ದು ಫೋನ್ ನೋಡಿದರೆ ಪಿಯುಸಿ ಗೆಳತಿಯ ನಾಲ್ಕು ಮಿಸ್ಡ್ ಕಾಲ್. ಅವಳ ಮನೇಲಿ ಏನೋ ಆಗಿದೆ ಅಂತ ಎದೆ ಧಸಕ್ ಅಂದಿತು. ವಾಪಸ್ ಮಾಡಿದೆ. "ಲಿಯಮ್ ಕಣೇ..." ಅಂದಳು. ಮುಂದೆ ಅವಳಿಗೆ ಮಾತು ಬರಲಿಲ್ಲ.

ದಸರಾ ಮುಗಿಸಿ ಅಮ್ಮ ದಾವಣಗೆರೆಯಿಂದ ನನ್ನ ಜೊತೆ ಬಂದಿದ್ದಳು. ನಾನು ಮಂಚದ ಮೇಲೆ ಕೂತು ಅಳೋದು ನೋಡಿ ಅಡುಗೆಮನೆಯಿಂದ ಓಡಿ ಬಂದಳು.

"ಯಾರಿಗೇನಾಯ್ತೇ?"

"ಲಿಯಮ್ ಹೋಗ್ಬಿಟ್ಟ ಅಮ್ಮ. ಒನ್ ಡೈರೆಕ್ಷನ್ ಲಿಯಮ್."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಚಮಚ ಕಂಡ್ರೆ ಹೆದರ್ತಿದ್ನಲ್ಲ, ಆ ಹುಡುಗನೇನೇ?" ಅಂದಳು. ಹೂಂ ಅಂದೆ. "ಅಯ್ಯೋ, ಅದಿನ್ನೂ ಕೂಸಲ್ಲೇನೇ" ಅಂತ ನನ್ನ ಪಕ್ಕದಲ್ಲೇ ಕೂತುಬಿಟ್ಟಳು.

ಕೂಸಲ್ಲ. ಬ್ರಿಟನ್ನಿನ ಐದು ಹುಡುಗರ ಪಾಪ್ ಗುಂಪು ಒನ್ ಡೈರೆಕ್ಷನ್‌ನ ಹಾಡುಗಾರ ಲಿಯಮ್ ಪೇಯ್ನ್, ಅವನಿಗೆ 31 ವರ್ಷ. ಆದರೆ ಅಮ್ಮನ ನೆನಪಲ್ಲಿ ಅವನು ನಮ್ಮ ಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಪೋಸ್ಟರಿನ ಹುಡುಗನಾಗಿಯೇ ಉಳಿದಿದ್ದ.

ಚಮಚದ ಕಥೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಲಿಯಮ್ ಪೇಯ್ನ್‌ಗೆ ಚಮಚ ಅಂದರೆ ಒಂಥರಾ ಭಯ. ಶುರುವಿನ ದಿನಗಳ ಸಂದರ್ಶನದಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದ. ಅಷ್ಟು ಸಾಕಾಯಿತು, ಫ್ಯಾನ್‌ಗಳು ಶೋಗಳಿಗೆ ಚಮಚ ಹಿಡಿದುಕೊಂಡು ಬರತೊಡಗಿದರು. ನಾನು ಯಾವ ಶೋಗೆ ಹೋಗಲಿ, ದಾವಣಗೆರೆಯಲ್ಲಿ ಫಸ್ಟ್ ಪಿಯು ಓದುತ್ತಿದ್ದೆ. ಆ ವರ್ಷದ ಯುಗಾದಿಗೆ ಅಮ್ಮ ಶಾವಿಗೆ ಪಾಯಸ ಕೊಟ್ಟಾಗ ಚಮಚ ಬೇಡ ಅಂದೆ, ಲೋಟದಿಂದಲೇ ಕುಡಿದು ಕೊನೆಗೆ ತಳದಲ್ಲಿದ್ದ ಶಾವಿಗೆಯನ್ನು ಬೆರಳಲ್ಲಿ ತೆಗೆದು ತಿಂದೆ. ಯಾಕೆ ಅಂತ ಕೇಳಿದಾಗ ಹೇಳಿದ್ದ ಕಥೆಯನ್ನು ಅಮ್ಮ ಹನ್ನೆರಡು ವರ್ಷ ಮರೆತಿರಲಿಲ್ಲ.

ಆಗ ನಮಗೆ ಹಾಡು ಸಿಗುತ್ತಿದ್ದ ದಾರಿ ಎರಡೇ. ಒಂದು, ಅಪ್ಪ ನ್ಯೂಸ್‌ಗೆ ಬದಲಿಸೋ ತನಕ ಟಿವಿಯಲ್ಲಿ ಬರ್ತಿದ್ದ ಇಂಗ್ಲಿಷ್ ಹಾಡಿನ ಚಾನೆಲ್ ವಿಎಚ್1. ಇನ್ನೊಂದು, ಮೊಬೈಲ್ ಅಂಗಡಿ. ಮೆಮೊರಿ ಕಾರ್ಡ್ ಕೊಟ್ಟರೆ ಇಪ್ಪತ್ತು ರೂಪಾಯಿಗೆ ಹಾಡು ತುಂಬಿ ಕೊಡ್ತಿದ್ದರು. ಕನ್ನಡದ ಫೋಲ್ಡರ್ ಇತ್ತು, ಹಿಂದಿದಿತ್ತು, ಇಂಗ್ಲಿಷ್ ಅಂದರೆ ಮೈಕಲ್ ಜಾಕ್ಸನ್, ಅಷ್ಟೇ. ಒನ್ ಡೈರೆಕ್ಷನ್ ಇದೆಯಾ ಅಂದರೆ "ಯಾವ ಪಿಕ್ಚರ್ದು ಮೇಡಂ?" ಅಂತ ಕೇಳಿದರು. ಕೊನೆಗೆ ನಾನೂ ನನ್ನ ಗೆಳತಿಯೂ ಚೀಟಿಯಲ್ಲಿ ಹಾಡಿನ ಹೆಸರು ಬರೆದುಕೊಟ್ಟು ಡೌನ್‌ಲೋಡ್ ಮಾಡಿಸಿದೆವು. ಮೊದಲ ಚೀಟಿಯಲ್ಲಿ ಇದ್ದದ್ದು 'ವಾಟ್ ಮೇಕ್ಸ್ ಯೂ ಬ್ಯೂಟಿಫುಲ್'. 2011ರಲ್ಲಿ ಬಂದ ಅವರ ಮೊದಲ ಹಾಡು. ಗಿಟಾರ್ ಶುರುವಾಗುತ್ತೆ, ಆಮೇಲೆ ಒಂದು ದನಿ ಬರುತ್ತೆ. ಆ ದನಿ ಲಿಯಮ್‌ದು. ಇಡೀ ಜಗತ್ತಿಗೆ ಒನ್ ಡೈರೆಕ್ಷನ್ ಅಂತ ಮೊದಲು ಕೇಳಿಸಿದ ದನಿ ಅವನದು. ಎಷ್ಟು ಜನ ಅದನ್ನು ಗಮನಿಸಿದ್ದಾರೆ ಹೇಳಿ?

ಗುಂಪಿನ ಐವರಲ್ಲಿ ಕಾಲೇಜಿನ ಎಲ್ಲರಿಗೂ ಹ್ಯಾರಿ ಬೇಕು, ಇಲ್ಲ ಝೇನ್ ಬೇಕು. ಇಬ್ಬರೋ ಮೂವರೋ ನೈಲ್ ಕಡೆ. ಲಿಯಮ್ ಅಂದರೆ "ಅವನು ಬೋರ್ ಕಣೇ, ನಮ್ಮ ಕ್ಲಾಸ್ ಲೀಡರ್ ಥರ ಇದಾನೆ" ಅಂತಿದ್ದರು. ನಿಜ, ಹಾಗೇ ಇದ್ದ. ನನಗೆ ಇಷ್ಟವಾಗಿದ್ದೇ ಅದು. ಗುಂಪಲ್ಲಿ ವಯಸ್ಸಿಗೆ ದೊಡ್ಡವನು ಲೂಯಿ. ತನ್ನ ಮನೆಯಲ್ಲಿ ಲಿಯಮ್ ಇಬ್ಬರು ಅಕ್ಕಂದಿರ ತಮ್ಮ, ಕಿರಿಯವನು. ಆದರೂ ಆ ಐದು ಜನರಲ್ಲಿ ಹಿರಿಮಗನ ಥರ ನಡೆದುಕೊಂಡವನು ಇವನು. ಎಲ್ಲರನ್ನೂ ಸಾಲಿಗೆ ತರೋನು ಇವನೇ. ಸಂದರ್ಶನದಲ್ಲಿ ಮಿಕ್ಕವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರೆ ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡೋನೂ ಇವನೇ. ಫ್ಯಾನ್‌ಗಳು ಅವನಿಗೆ ಇಟ್ಟ ಅಡ್ಡಹೆಸರು 'ಡ್ಯಾಡಿ ಡೈರೆಕ್ಷನ್'. ಹದಿನೇಳು ಹದಿನೆಂಟರ ಹುಡುಗನಿಗೆ ಎಂಥಾ ಹೆಸರು ನೋಡಿ.

ಆ ಗಾಂಭೀರ್ಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು ಅನ್ಸುತ್ತೆ. ವುಲ್ವರ್‌ಹ್ಯಾಂಪ್ಟನ್ ಅನ್ನೋ ಊರು, ಅಪ್ಪ ಫಿಟ್ಟರ್ ಕೆಲಸ, ಅಮ್ಮ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ನರ್ಸರಿಯಲ್ಲಿ. ಶಾಲೆಯಲ್ಲಿ ಹುಡುಗರು ಕಾಡಿಸುತ್ತಾರೆ ಅಂತ ಬಾಕ್ಸಿಂಗ್ ಕಲಿತ. 2008ರಲ್ಲಿ, ಹದಿನಾಲ್ಕಕ್ಕೆ, ದಿ ಎಕ್ಸ್ ಫ್ಯಾಕ್ಟರ್ ಅನ್ನೋ ಟಿವಿ ಹಾಡಿನ ಸ್ಪರ್ಧೆಗೆ ಹೋದ. ಸುಮಾರು ದೂರ ಬಂದ ಮೇಲೆ ಜಡ್ಜ್ ಸೈಮನ್ ಕೋವೆಲ್ ಅವನಿಗೆ, ನೀನಿನ್ನೂ ತಯಾರಿಲ್ಲ, ಎರಡು ವರ್ಷ ಬಿಟ್ಟು ಬಾ ಅಂದುಬಿಟ್ಟರು. ಇಂಥ ಮಾತನ್ನು ಎಷ್ಟೋ ಮಕ್ಕಳಿಗೆ ಹೇಳ್ತಾರೆ. ಮಕ್ಕಳು ವಾಪಸ್ ಬರಲ್ಲ. ಇವನು ಅದನ್ನು ಸಾಲದ ಪತ್ರದ ಹಾಗೆ ಎತ್ತಿಟ್ಟುಕೊಂಡ. ಸರಿಯಾಗಿ ಎರಡು ವರ್ಷಕ್ಕೆ, 2010ರಲ್ಲಿ, ವೇಸ್ಟ್‌ಕೋಟ್ ಹಾಕಿಕೊಂಡು ಬಂದು ನಿಂತ. 'ಕ್ರೈ ಮಿ ಎ ರಿವರ್' ಹಾಡಿದ, ಮೈಕಲ್ ಬೂಬ್ಲೆ ಹಾಡುವ ಧಾಟಿಯಲ್ಲಿ. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಹಾಡು ಏರುವ ಜಾಗದಲ್ಲಿ ಅವನ ಮುಖ ಬದಲಾಗುತ್ತೆ. ಅಲ್ಲೀವರೆಗೆ ಪರೀಕ್ಷೆ ಬರೆಯಲು ಬಂದ ಹುಡುಗ, ಅಲ್ಲಿಂದ ಹಾಡುಗಾರ. ಸಭೆ ಎದ್ದು ನಿಲ್ಲುತ್ತೆ.

ಆಮೇಲೂ ಒಬ್ಬನೇ ಗೆಲ್ಲಲಿಲ್ಲ. ಒಬ್ಬೊಬ್ಬರಾಗಿ ಹೊರಬಿದ್ದ ಐದು ಹುಡುಗರನ್ನು ಸೇರಿಸಿ ಗುಂಪು ಮಾಡಿದರು. ಜುಲೈ 23, 2010. ಆ ಸ್ಪರ್ಧೆಯಲ್ಲಿ ಅವರಿಗೆ ಬಂದದ್ದು ಮೂರನೇ ಸ್ಥಾನ. ಅದಾಗಿ ಒಂದೂವರೆ ವರ್ಷ ತುಂಬುವಷ್ಟರಲ್ಲಿ ಅವರ ಮೊದಲ ಆಲ್ಬಮ್ ಅಮೆರಿಕದಲ್ಲಿ ನೇರವಾಗಿ ನಂಬರ್ ಒನ್‌ಗೆ ಹೋಯಿತು. ಬ್ರಿಟನ್ನಿನ ಯಾವ ಗುಂಪಿಗೂ ಮೊದಲ ಆಲ್ಬಮ್‌ನಲ್ಲೇ ಅದು ಆಗಿರಲಿಲ್ಲ, ಬೀಟಲ್ಸ್‌ಗೂ ಸೇರಿ. ಐದು ವರ್ಷಕ್ಕೆ ಐದು ಆಲ್ಬಮ್. ಪ್ರತಿ ನವೆಂಬರ್‌ಗೆ ಒಂದು, ನಡುವೆ ಟೂರ್. 2014ರ ಸ್ಟೇಡಿಯಂ ಟೂರ್ ಒಂದರಲ್ಲೇ 69 ಶೋ. ಹೋಟೆಲು, ಬಸ್ಸು, ಹೀಗೆ ಓಡಾಡಿಕೊಂಡೇ ರೆಕಾರ್ಡಿಂಗ್.

ಈ ಗುಂಪನ್ನು "ಕಂಪನಿ ತಯಾರಿಸಿದ ಗೊಂಬೆಗಳು" ಅನ್ನೋರಿಗೆ ನಾನು ಒಂದೇ ಮಾತು ಹೇಳೋದು. 2013ರ 'ಮಿಡ್‌ನೈಟ್ ಮೆಮೊರೀಸ್' ತೆಗೆದು ಹಾಡು ಬರೆದವರ ಹೆಸರು ಓದಿ. ಸಾಲುಸಾಲಾಗಿ ಲಿಯಮ್ ಮತ್ತು ಲೂಯಿಯ ಹೆಸರಿದೆ. ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಅದು. ಆಗ ಲಿಯಮ್‌ಗೆ ಇಪ್ಪತ್ತು. ನಮ್ಮಲ್ಲಿ ಆ ವಯಸ್ಸಿಗೆ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಾ ಇರ್ತೀವಿ.

ಈಗ ನನ್ನ ಹೊಟ್ಟೆ ಉರಿಯುವ ವಿಷಯಕ್ಕೆ ಬರ್ತೀನಿ.

ಚಿಕ್ಕಂದಿನಿಂದ ಲಿಯಮ್‌ಗೆ ಒಂದು ಕಿಡ್ನಿಯ ತೊಂದರೆ ಇತ್ತು. ಅದಕ್ಕೇ ಶುರುವಿನಲ್ಲಿ ಅವನು ಕುಡಿತದಿಂದ ದೂರ. ಬಾಕಿಯವರು ಪಾರ್ಟಿ ಮಾಡುವಾಗ ಇವನು ನೀರು ಹಿಡಿದುಕೊಂಡು ನಿಂತಿರೋನು. 2012ರ ಕೊನೆಯಲ್ಲಿ ಸ್ಕ್ಯಾನ್ ಮಾಡಿಸಿ, ಕಿಡ್ನಿ ಸರಿಹೋಗಿದೆ, ಈಗ ನನಗೆ ಎರಡೂ ಇದೆ ಅಂತ ಖುಷಿಯಿಂದ ಟ್ವೀಟ್ ಮಾಡಿದ್ದ. ನಾವಿಬ್ಬರೂ ಗೆಳತಿಯರು ಅವತ್ತು ಕ್ಯಾಂಟೀನಲ್ಲಿ ಬನ್ ತಿಂದು ಹಬ್ಬ ಮಾಡಿದ್ದೆವು. ಆ ಟ್ವೀಟ್ ಈಗ ಓದೋಕೆ ಆಗಲ್ಲ ನನಗೆ.

ಯಾಕಂದ್ರೆ 2021ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಅವನೇ ಹೇಳಿದ. ಹೊರಗೆ ಸಾವಿರಾರು ಜನ ಸೇರುತ್ತಿದ್ದರಿಂದ ಹುಡುಗರನ್ನು ಕಾಪಾಡೋಕೆ ಹೋಟೆಲ್ ರೂಮಲ್ಲಿ ಹಾಕಿ ಬಾಗಿಲು ಹಾಕುತ್ತಿದ್ದರಂತೆ. ರೂಮಲ್ಲಿ ಇರುತ್ತಿದ್ದದ್ದೇನು? ಮಿನಿಬಾರ್, ಮದ್ಯ ತುಂಬಿಟ್ಟ ಪುಟ್ಟ ಫ್ರಿಜ್. ಅಲ್ಲಿಂದ ಶುರುವಾಯಿತು ಅಂದ. ಒಂದು ಕಾಲದಲ್ಲಿ ಮುಟ್ಟದೇ ಇದ್ದ ಹುಡುಗ, ಊರೂರಿನ ರೂಮಲ್ಲಿ ಒಬ್ಬನೇ, ಪಕ್ಕದಲ್ಲಿ ಅದು. ಎಲ್ಲರೂ ಸೇರಿ ಅವನನ್ನು ಹೊರಗಿನ ಜನದಿಂದ ಕಾಪಾಡಿದರು. ಒಳಗೆ ಏನು ಮಾಡ್ತಿದಾನೆ ಅಂತ ಯಾರಾದ್ರೂ ಬಾಗಿಲು ತಟ್ಟಿದರಾ? ನಾನು ಈ ಬರಹ ಬರೀತಿರೋದೇ ಇದಕ್ಕೆ. ಮನೆಯಲ್ಲಿ ಜವಾಬ್ದಾರಿ ಹೊತ್ತ ಮಗನನ್ನು "ನಿನಗೇನಾದ್ರೂ ಬೇಕಾ" ಅಂತ ಯಾರೂ ಕೇಳಲ್ಲ. ಅವನು ನೋಡ್ಕೊಳ್ತಾನೆ ಬಿಡಿ ಅಂತಾರೆ. ನಮ್ಮ ಮನೆಗಳಲ್ಲೂ ಇದನ್ನು ನೋಡಿದ್ದೀನಿ, ಅದಕ್ಕೇ ಇಷ್ಟು ಸಂಕಟ.

2015ರ ಮಾರ್ಚ್ 25ಕ್ಕೆ ಝೇನ್ ಗುಂಪು ಬಿಟ್ಟ. ಮಾರನೇ ದಿನ ಸಿಡ್ನಿಯಲ್ಲಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಡಿಯಾ ಸೋತಿತು. ಮನೇಲಿ ಅಪ್ಪ, ನಾನು ಇಬ್ಬರೂ ಊಟ ಬಿಟ್ಟು ಕೂತಿದ್ದೆವು, ಬೇರೆ ಬೇರೆ ಕಾರಣಕ್ಕೆ. ಮುಂದಿನ ವರ್ಷದ ಹೊತ್ತಿಗೆ ಗುಂಪೇ ನಿಂತಿತು. ಲಿಯಮ್ ಒಬ್ಬನೇ ಹಾಡಿದ. 2017ರಲ್ಲಿ ಬಂದ 'ಸ್ಟ್ರಿಪ್ ದಟ್ ಡೌನ್' ಚೆನ್ನಾಗಿ ಓಡಿತು, ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಅದೇ ವರ್ಷ ಮಗ ಹುಟ್ಟಿದ. 2019ರ ಆಲ್ಬಮ್ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಅದನ್ನು ಮುಚ್ಚಿಡಲ್ಲ. ಯಾರದ್ದೋ ಅಂಗಿ ಹಾಕಿಕೊಂಡ ಹಾಗೆ ಅನ್ನಿಸಿತ್ತು.

ಕೊನೆಯ ವರ್ಷಗಳಲ್ಲಿ ಜನ ಅವನನ್ನು ಆಡಿಕೊಂಡು ನಕ್ಕರು. ಅವನು ಏನು ಮಾತಾಡಿದರೂ ಮೀಮ್. ನಿಂತರೆ ಮೀಮ್, ಕುಣಿದರೆ ಮೀಮ್. ಸಾಯುವ ಕೆಲವೇ ದಿನಗಳ ಹಿಂದೆ ಅವನ ಮಾಜಿ ಸಂಗಾತಿ ಅವನ ಮೇಲೆ ಗಂಭೀರ ದೂರು ಹೇಳಿದ್ದರು. ಆಕೆಯ ನೋವು ಸುಳ್ಳು ಅಂತ ನಾನು ಹೇಳಲ್ಲ, ಹೇಳಬಾರದು. ಅವನು ಸತ್ತ ಮೇಲೆ ಫ್ಯಾನ್‌ಗಳು ಹೋಗಿ ಆಕೆಯನ್ನು ಬೈದದ್ದು ನೋಡಿ ನನಗೆ ನಾಚಿಕೆಯಾಯಿತು. ಒಬ್ಬ ಮನುಷ್ಯ ತಪ್ಪು ಮಾಡಿರಬಹುದು, ಅವನಿಗೆ ಕೈ ಹಿಡಿಯೋರೂ ಬೇಕಿರಬಹುದು. ಎರಡೂ ಒಟ್ಟಿಗೇ ನಿಜ ಆಗಬಹುದು ಅಲ್ವಾ?

ಅಕ್ಟೋಬರ್ 16ರ ಸಂಜೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹೋಟೆಲಿನ ಮೂರನೇ ಮಹಡಿಯ ಬಾಲ್ಕನಿಯಿಂದ ಬಿದ್ದ. ಮೈಯಲ್ಲಿ ಮದ್ಯ, ಕೊಕೇನ್ ಇತ್ತು ಅಂತ ವರದಿ ಬಂತು. ಐದು ಜನರ ಮೇಲೆ ಕೇಸ್ ಆಯಿತು, 2025ರ ಫೆಬ್ರವರಿಯಲ್ಲಿ ಮೂವರ ಮೇಲಿನದ್ದು ಬಿದ್ದುಹೋಯಿತು. ಇದರ ಬಗ್ಗೆ ಇಷ್ಟೇ ಸಾಕು. ಆದರೆ ಒಂದು ಹೇಳಲೇಬೇಕು. ಅಮೆರಿಕದ ಒಂದು ಗಾಸಿಪ್ ಸೈಟ್ ಅವನ ಮೈಮೇಲಿನ ಹಚ್ಚೆ ಕಾಣುವ ಹಾಗೆ ಹೆಣದ ಫೋಟೊ ಹಾಕಿತು, ಅವನೇ ಅಂತ ಜನಕ್ಕೆ ಖಾತ್ರಿಯಾಗಲಿ ಅಂತ. ಎಲ್ಲರೂ ಉಗಿದ ಮೇಲೆ ತೆಗೆದರು. ಆ ಹಚ್ಚೆಗಳನ್ನು ನಾವು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡವರು. ಅವನ ಅಕ್ಕಂದಿರು ಅದನ್ನು ನೋಡಿರುತ್ತಾರೆ. ಇದಕ್ಕಿಂತ ಹೇಸಿಗೆ ಕೆಲಸ ಇನ್ನೇನಿದೆ?

ಕೆಲವು ದಿನಗಳಲ್ಲಿ ಅವನ ಅಪ್ಪ ಅಲ್ಲಿಗೆ ಹೋದರು. ಹೋಟೆಲ್ ಮುಂದೆ ಹುಡುಗಿಯರು ಇಟ್ಟಿದ್ದ ಹೂವು, ಮೊಂಬತ್ತಿ, ಕಾಗದಗಳ ನಡುವೆ ನಿಂತು ಓದುತ್ತಿದ್ದ ಆ ವಿಡಿಯೊ ನೋಡಿದ್ದೀರಾ? ಮಗನ ಹೆಣ ತರಲು ಬಂದ ಮನುಷ್ಯ. ಅಷ್ಟರಲ್ಲೂ ಸುತ್ತ ನಿಂತ ಹುಡುಗಿಯರಿಗೆ ಕೈ ಮಾಡಿ ಕೃತಜ್ಞತೆ ಹೇಳಿದರು.

ಗೆಳೆಯರು ಬರೆದದ್ದನ್ನೂ ಓದಿದೆ. ಲೂಯಿ, ಒನ್ ಡೈರೆಕ್ಷನ್‌ಗೆ ಅತಿ ಮುಖ್ಯವಾದವನು ಅವನೇ ಅಂದ. ಹದಿನೇಳು ವರ್ಷದ ನಾನು ಮನೆ ನೆನೆಸಿಕೊಂಡು ಕೂತಾಗ ನೀನೇ ಧೈರ್ಯ ಹೇಳುತ್ತಿದ್ದೆ ಅಂತ ಝೇನ್. ಅದೇ ತಿಂಗಳ ಶುರುವಿನಲ್ಲಿ ಲಿಯಮ್ ನೈಲ್‌ನ ಶೋ ನೋಡಲು ಹೋಗಿದ್ದ. ಅವತ್ತು ತಬ್ಬಿ ಬೀಳ್ಕೊಟ್ಟದ್ದೇ ಕೊನೆ ಅಂತ ಗೊತ್ತಿರಲಿಲ್ಲ ಅಂತ ನೈಲ್ ಬರೆದ. ನವೆಂಬರ್ 20ರಂದು ಅಂತ್ಯಕ್ರಿಯೆಗೆ ಚರ್ಚ್‌ಗೆ ನಾಲ್ಕೂ ಜನ ಬಂದರು. ಆ ನಾಲ್ವರನ್ನು ಒಂದೇ ಜಾಗದಲ್ಲಿ ನೋಡಬೇಕು ಅಂತ ಎಷ್ಟು ವರ್ಷ ಹರಕೆ ಹೊತ್ತಿದ್ದೆವು ನಾವು. ಹೀಗಲ್ಲ.

2025ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 'ಬಿಲ್ಡಿಂಗ್ ದಿ ಬ್ಯಾಂಡ್' ಅನ್ನೋ ಸ್ಪರ್ಧೆಯ ಶೋ ಬಂತು. ಹಾಡುಗಾರರು ಒಬ್ಬರನ್ನೊಬ್ಬರು ನೋಡದೆ ಗುಂಪು ಕಟ್ಟಬೇಕು. ಲಿಯಮ್ ಸಾಯುವ ಮೊದಲೇ ಚಿತ್ರೀಕರಣ ಆಗಿತ್ತು, ಅವನು ಅದರಲ್ಲಿ ಅತಿಥಿ ಜಡ್ಜ್. ಜೊತೆಗೆ ಕೂತಿರೋದು ನಿಕೋಲ್ ಶೆರ್ಜಿಂಗರ್. 2010ರಲ್ಲಿ ಆ ಐದು ಹುಡುಗರನ್ನು ಸೇರಿಸಿದ ದಿನ ಜಡ್ಜ್ ಸೀಟಲ್ಲಿ ಇದ್ದವರು. ಒಂದು ದಿನ ಆ ಕಡೆ ನಿಂತು ನಡುಗಿದ್ದ ಹುಡುಗ ಈಗ ಈ ಕಡೆ ಕೂತು, ಎದುರಿಗಿರುವ ಮಕ್ಕಳ ಹಾಡನ್ನು ಮೈಯೆಲ್ಲ ಕಿವಿಯಾಗಿ ಕೇಳ್ತಿದಾನೆ.

ಒಬ್ಬಳೇ ನೋಡೋಕೆ ಧೈರ್ಯ ಇರಲಿಲ್ಲ. ಗೆಳತಿ ಬಂದಳು. ಅಮ್ಮನೂ ಆಗ ಇಲ್ಲೇ ಇದ್ದಳು, ಅವರೆಕಾಳು ಸುಲಿಯುತ್ತಾ ಕೂತಿದ್ದಳು. ಇಂಗ್ಲಿಷ್ ಅವಳಿಗೆ ತಿಳಿಯೋದಿಲ್ಲ. ಲಿಯಮ್ ಬಂದಾಗ ನಾವಿಬ್ಬರೂ ಏನೂ ಹೇಳಲಿಲ್ಲ, ಆದರೂ ಅವಳ ಕೈ ನಿಂತಿತು.

"ಇವನೇ ಅಲ್ವೇನೇ?" ಅಂದಳು. ಸ್ವಲ್ಪ ಹೊತ್ತು ನೋಡಿ, "ಮುಖ ಎಷ್ಟು ಬಾಡಿದೆ ನೋಡು. ಸರಿಯಾಗಿ ಊಟನೇ ಮಾಡ್ತಿರ್ಲಿಲ್ಲ ಅನ್ಸುತ್ತೆ."

ಕಾಳಿನ ಮೊರ ಪಕ್ಕಕ್ಕೆ ಸರಿಸಿ ನಮ್ಮ ನಡುವೆ ಬಂದು ಕೂತಳು. ಅವನು ಇರುವಷ್ಟು ಹೊತ್ತೂ ಎದ್ದು ಹೋಗಲಿಲ್ಲ.