ಮೊಬೈಲ್ ತರಬೇಡಿ, ಒಟಿಪಿ ತನ್ನಿ

ಮತ್ತೆ ಸುತ್ತೋಲೆ ಬಂದಿದೆ. ಕಾಲೇಜು ತರಗತಿಯಲ್ಲಿ ಮೊಬೈಲ್ ನಿಷಿದ್ಧ. ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ದಸರಾ ಆನೆಗಳ ಹಾಗೆ ಕಾಲಕ್ಕೆ ಸರಿಯಾಗಿ ಬರುತ್ತದೆ, ನಾಲ್ಕು ದಿನ ಎಲ್ಲರೂ ನೋಡುತ್ತಾರೆ, ಆಮೇಲೆ ಕಾಡಿಗೆ ವಾಪಸ್. ಬರುವುದು ಎಲ್ಲಿಗೆ ಅಂದರೆ ವಾಟ್ಸಾಪ್ ಗ್ರೂಪಿಗೆ, ಓರೆಯಾಗಿ ಸ್ಕ್ಯಾನ್ ಆದ ಪಿಡಿಎಫ್ ರೂಪದಲ್ಲಿ, ಎರಡನೇ ಪೀರಿಯಡ್ ನಡೆಯುತ್ತಿರುವಾಗ.

ಮೈಸೂರು, ಮಂಡ್ಯದ ಕಾಲೇಜುಗಳು ಆಜ್ಞೆ ಪಾಲಿಸುವುದರಲ್ಲಿ ಹಿಂದೆ ಬಿದ್ದವಲ್ಲ. ಬಾಗಿಲ ಪಕ್ಕ ಗೋಡೆಗೆ ನೀಲಿ ರೆಕ್ಸಿನ್, ಅದರಲ್ಲಿ ಸಾಲುಸಾಲು ಜೇಬು, ಒಂದೊಂದರ ಮೇಲೂ ರೋಲ್ ನಂಬರ್. ಹೊಲಿದವರು ಕೀಪ್ಯಾಡ್ ಫೋನಿನ ಅಳತೆ ಹಿಡಿದಿರಬೇಕು. ಈಗಿನ ಆರೂವರೆ ಇಂಚಿನ ಫೋನು ಅರ್ಧ ಹೊರಗೇ ಇಣುಕುತ್ತದೆ. ಹುಡುಗರು ಇದಕ್ಕೆ ಪರಿಹಾರ ಕಂಡುಕೊಂಡು ಬಹಳ ದಿನವಾಯಿತು. ಮನೆಯ ಅಟ್ಟದಲ್ಲಿ ಕೆಟ್ಟು ಬಿದ್ದಿದ್ದ ಸೆಟ್ಟು ಜೇಬಿಗೆ, ಅಸಲಿ ಪೀಸು ಬ್ಯಾಗಿಗೆ. 'ಡಮ್ಮಿ ಮಡಗ್ಬುಟ್ಟು ಬಾರ್ಲಾ' ಅನ್ನುವುದು ಈಗ ಹಾಜರಿ ಕೂಗಿನಷ್ಟೇ ಸಹಜ. ಅಟ್ಟದ ಫೋನುಗಳಲ್ಲಿ ಬ್ಯಾಟರಿ ಉಬ್ಬಿದವೂ ಇರುತ್ತವೆ. ಉಬ್ಬಿದ ಲಿಥಿಯಂ ಬ್ಯಾಟರಿಗಳನ್ನು ಒಂದೇ ರೆಕ್ಸಿನ್‌ನಲ್ಲಿ ತುಂಬಿ ಬಾಗಿಲ ಪಕ್ಕಕ್ಕೇ ನೇತುಹಾಕುವ ಈ ವ್ಯವಸ್ಥೆಯನ್ನು ಅಗ್ನಿಶಾಮಕ ದಳದವರು ಇನ್ನೂ ನೋಡಿಲ್ಲ.

ಸರಿ, ಶಿಸ್ತಿನ ವಿದ್ಯಾರ್ಥಿಯೊಬ್ಬ ನಿಜವಾದ ಫೋನನ್ನೇ ಮನೆಯಲ್ಲಿ ಬಿಟ್ಟು ಬಂದ ಅಂದುಕೊಳ್ಳೋಣ. ಅವನ ಪ್ರವೇಶ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲ ವಿಶ್ವವಿದ್ಯಾಲಯಗಳ ಆನ್‌ಲೈನ್ ತಾಣ ಯುಯುಸಿಎಂಎಸ್‌ನಲ್ಲಿ. ವಿದ್ಯಾರ್ಥಿವೇತನ ಅದರದೇ ಸರ್ಕಾರಿ ತಾಣ ಎಸ್‌ಎಸ್‌ಪಿಯಲ್ಲಿ. ಕ್ರೆಡಿಟ್ ಲೆಕ್ಕದ ಎಬಿಸಿ ಐಡಿ ಡಿಜಿಲಾಕರ್‌ನಲ್ಲಿ. ಟೈಮ್ ಟೇಬಲ್ ಬದಲಾದದ್ದು ವಾಟ್ಸಾಪಿನಲ್ಲಿ, ನೋಟ್ಸು ಪಿಡಿಎಫ್‌ನಲ್ಲಿ, ಅಸೈನ್‌ಮೆಂಟ್ ಗೂಗಲ್ ಫಾರ್ಮ್‌ನಲ್ಲಿ. ನೋಟಿಸ್ ಬೋರ್ಡಿನ ಗಾಜಿನೊಳಗೆ ಇನ್ನೂ ಹೋದ ವರ್ಷದ ರಕ್ತದಾನ ಶಿಬಿರ. ಕೊನೇ ದಿನಾಂಕ ಇವತ್ತೇ, ಫೀಸು ಕಟ್ಟಿಲ್ಲ ಅಂತ ಕ್ಲರ್ಕ್ ಹತ್ತಿರ ಹೋದರೆ ಮೊದಲ ಪ್ರಶ್ನೆ: 'ಒಟಿಪಿ ಹೇಳಪ್ಪ.' ಫೋನು ಸಿಕ್ಕಿಬಿದ್ದವನ ಗತಿ ಇನ್ನೂ ಚೆನ್ನ. ದಂಡ ಕಟ್ಟಿದರೆ ಫೋನು ವಾಪಸ್, ದಂಡವನ್ನು ಕ್ಯೂಆರ್ ಕೋಡ್‌ಗೇ ಕಟ್ಟಬೇಕು, ಫೋನು ಪ್ರಿನ್ಸಿಪಾಲರ ಬೀರುವಿನಲ್ಲಿ.

ಇದೇ ಸರ್ಕಾರಿ ಕಾಲೇಜುಗಳ ಹುಡುಗರಿಗೆ 2021ರಲ್ಲಿ, ಕೋವಿಡ್ ಕಾಲದಲ್ಲಿ, ಸರ್ಕಾರವೇ ಟ್ಯಾಬ್ ಹಂಚಿತ್ತು. ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಹಂಚಿತ್ತು. ಹಂಚಿದ ಮೇಲೆ ಅದನ್ನು ಎಲ್ಲಿ ಸಿಕ್ಕಿಸಿ ಚಾರ್ಜ್ ಮಾಡುತ್ತಾರೆ ಅಂತ ಯಾರೂ ಕೇಳಲಿಲ್ಲ. ಲ್ಯಾಪ್‌ಟಾಪಿನ ಒಂದು ಚಾರ್ಜರ್ 65 ವ್ಯಾಟ್. ತರಗತಿಯಲ್ಲಿ 60 ಜನ ಅಂದರೆ 3,900 ವ್ಯಾಟ್. 230 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್. ಕೋಣೆಯಲ್ಲಿರುವುದು ಬೋರ್ಡಿನ ಪಕ್ಕದ ಒಂದು 6 ಆಂಪಿಯರ್ ಸಾಕೆಟ್, ಅದೂ ಪ್ಲಗ್ಗನ್ನು ಕೈಯಲ್ಲಿ ಅದುಮಿ ಹಿಡಿದರೆ ಮಾತ್ರ.

ವೈಫೈ ಇದೆ. ಉದ್ಘಾಟನೆಯ ಕಲ್ಲೂ ಇದೆ. ಬೆಳಿಗ್ಗೆ ಎಲ್ಲರಿಗೂ ಸಿಗುತ್ತದೆ, ಹನ್ನೊಂದರ ಹೊತ್ತಿಗೆ ಬರಿ ಸುತ್ತುತ್ತದೆ. ಇದರಲ್ಲಿ ಮಾಟಮಂತ್ರವಿಲ್ಲ. ಅಂಗಡಿಯಿಂದ ತಂದು ಹಾಗೇ ಸಿಕ್ಕಿಸಿದ ರೌಟರ್ ಹಂಚಬಹುದಾದ ಐಪಿ ವಿಳಾಸ, ಅಂದರೆ ಫೋನಿಗೊಂದರಂತೆ ಬೇಕಾದ ನಂಬರು, ಹೆಚ್ಚೆಂದರೆ 253. ಒಮ್ಮೆ ಕೊಟ್ಟ ವಿಳಾಸವನ್ನು ಸಾಮಾನ್ಯವಾಗಿ 24 ಗಂಟೆ ಕಾದಿರಿಸುತ್ತದೆ, ಆ ಫೋನು ಅಷ್ಟರಲ್ಲಿ ಬಸ್ ಹತ್ತಿ ಕೆರಗೋಡು ಸೇರಿದ್ದರೂ ಸರಿ. ಅವಧಿಯನ್ನು ಒಂದು ಗಂಟೆಗೆ ಇಳಿಸಿದರೆ ಅರ್ಧ ತೊಂದರೆ ಹೋಗುತ್ತದೆ, ಎರಡು ನಿಮಿಷದ ಕೆಲಸ. ಪಾಸ್‌ವರ್ಡ್ ಮಾತ್ರ ರೌಟರ್ ಹಾಕಿ ಹೋದ ಹುಡುಗನ ಹತ್ತಿರ ಇದೆ. ಅವನು ಈಗ ಬೆಂಗಳೂರಿನಲ್ಲಿದ್ದಾನೆ.

ಸ್ಮಾರ್ಟ್ ಕ್ಲಾಸಿನ ಮಾತು ಬಂದಾಗ ಪ್ರೊಜೆಕ್ಟರನ್ನು ಬಿಟ್ಟರೆ ಅನ್ಯಾಯವಾದೀತು. ಮೈಸೂರಿನ ಹಳೇ ಕಟ್ಟಡಗಳನ್ನು ಕರೆಂಟಿನ ಹಂಗಿಲ್ಲದೆ ಓದಲಿ ಅಂತ ಕಟ್ಟಿದ್ದು. ಆಳೆತ್ತರದ ಕಿಟಕಿಗಳಿಂದ ಬೆಳಕು ಧಾರಾಳ. ಆ ಬೆಳಕಿನಲ್ಲಿ 3,000 ಲುಮೆನ್‌ನ ಪ್ರೊಜೆಕ್ಟರು ಹಾಕಿದರೆ ಗೋಡೆಯ ಸುಣ್ಣ ಸ್ಪಷ್ಟವಾಗಿ ಕಾಣುತ್ತದೆ. ಕಿಟಕಿಗೆ ಪರದೆ ಬಟ್ಟೆ ಟೆಂಡರಿನಲ್ಲಿ ಇರಲಿಲ್ಲ. ಕೇಬಲ್ಲಿನ ಹದಿನೈದು ಪಿನ್ನುಗಳಲ್ಲಿ ಹಸಿರು ಬಣ್ಣ ಸಾಗಿಸುವುದು ಮುರಿದರೆ ಚಿತ್ರ ಪೂರ್ತಿ ಗುಲಾಬಿ. ಸಸ್ಯಶಾಸ್ತ್ರದ ಪಾಠದಲ್ಲಿ ಎಲೆ ಗುಲಾಬಿ, ಕಾಂಡ ಗುಲಾಬಿ. ಕನ್ನಡ ಮೇಷ್ಟ್ರು ಹಳೇ ನುಡಿ ಫಾಂಟಿನಲ್ಲಿ ಮಾಡಿದ ಸ್ಲೈಡು ಆ ಫಾಂಟಿಲ್ಲದ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪಂಪನೂ ಫ್ರೆಂಚಿನಲ್ಲಿ ಮಾತಾಡುತ್ತಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಪ್ರೊಜೆಕ್ಟರಿನ ಒಳಗಿನ ಫ್ಯಾನ್ ದಿಢೀರನೆ ನಿಂತರೆ ಬಿಸಿ ಬಲ್ಬು ತಣಿಯುವುದಿಲ್ಲ, ಆಯಸ್ಸು ಕಡಿಮೆಯಾಗುತ್ತದೆ. ಬಲ್ಬು ಹೋದ ದಿನದಿಂದ ಪ್ರೊಜೆಕ್ಟರು 'ರಿಪೇರಿಗೆ ಬರೆದಿದೆ'.

ಆದರೂ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಇರುವ ವರ್ಷ ಎಲ್ಲವೂ ಇರುತ್ತದೆ. ಐಸಿಟಿ ತರಗತಿಗಳಿಗೆ, ಅಂದರೆ ಕಂಪ್ಯೂಟರ್, ಪ್ರೊಜೆಕ್ಟರ್ ಬಳಸುವ ತರಗತಿಗಳಿಗೆ, ಸಾಕ್ಷಿ ಬೇಕು, ಸಾಕ್ಷಿ ಎಂದರೆ ಜಿಯೋ ಟ್ಯಾಗ್ ಇರುವ ಫೋಟೋ: ಕೆಳಗಡೆ ಪುಟ್ಟ ನಕ್ಷೆ, ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ. ತೆಗೆಯುವುದಕ್ಕೂ ಕ್ರಮವಿದೆ. ದಪ್ಪ ಗೋಡೆಯ ಕೋಣೆಯೊಳಗೆ ಜಿಪಿಎಸ್ ಸಿಗುವುದಿಲ್ಲ; ಮೊಬೈಲ್ ಟವರಿನ ಅಂದಾಜಿನಲ್ಲಿ ನಿಮ್ಮ ಕಾಲೇಜು ಅರ್ಧ ಮೈಲಿ ಆಚೆ ಯಾರದೋ ಕಬ್ಬಿನ ಗದ್ದೆಗೆ ಹೋಗಿ ಕೂರುತ್ತದೆ. ಆದ್ದರಿಂದ ಮೊದಲು ವರಾಂಡದಲ್ಲಿ ಆಕಾಶ ಕಾಣುವಂತೆ ನಿಲ್ಲಬೇಕು, ಅಂಕಿಗಳು ಅಲುಗಾಡುವುದು ನಿಂತ ಮೇಲೆ ಒಳಗೆ ಓಡಿ ಬಂದು ಕ್ಲಿಕ್ಕಿಸಬೇಕು. ಹುಡುಗರು ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿ ಕೂತಿರಬೇಕು. ಆನ್ ಆಗಿರಲೇಬೇಕು ಅಂತೇನಿಲ್ಲ. ಭಾನುವಾರ ತೆಗೆಯಬಾರದು, ತಾರೀಖು ಬಾಯಿಬಿಡುತ್ತದೆ. ಫೋಟೋ ತೆಗೆಯುವುದು ಯಾವುದರಲ್ಲಿ ಅಂತ ಕೇಳಬೇಡಿ. ಚೆನ್ನಾಗಿರುವ ಕ್ಯಾಮೆರಾ ಕೊನೇ ಬೆಂಚಿನ ಹುಡುಗನದ್ದು, ಅವತ್ತೊಂದು ದಿನ ಅವನೇ ಅಧಿಕೃತ ಛಾಯಾಗ್ರಾಹಕ.

ಫೋನು, ಲ್ಯಾಪ್‌ಟಾಪ್ ಪಾಠ ಕೆಡಿಸುತ್ತವೆ ಅನ್ನುವುದು ಸುಳ್ಳೇನಲ್ಲ. 2013ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದಿದೆ. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಿಗೆ ಪರೀಕ್ಷೆಯಲ್ಲಿ ಶೇ. 11ರಷ್ಟು ಕಡಿಮೆ ಅಂಕ. ಅವರ ತೆರೆ ಕಣ್ಣಿಗೆ ಬೀಳುವಂತೆ ಕೂತು, ತಾವು ಪೆನ್ನಿನಲ್ಲೇ ಬರೆದುಕೊಂಡವರಿಗೆ ಶೇ. 17ರಷ್ಟು ಕಡಿಮೆ. ಮಾಡಿದ್ದುಣ್ಣೋ ಮಹರಾಯ ಅನ್ನುವಂತಿಲ್ಲ, ಪಕ್ಕದವನು ಮಾಡಿದ್ದನ್ನೂ ಉಣ್ಣಬೇಕು. ಹಾಗಾಗಿ ತಡೆಯಲಿ, ಖಂಡಿತ ತಡೆಯಲಿ. ತಡೆಯುವ ಮುಂಚೆ ನೋಟ್ಸಿನ ಜೆರಾಕ್ಸಿಗೆ, ಲೈಬ್ರರಿಯಲ್ಲಿ ಹತ್ತು ಜೀವಂತ ಕಂಪ್ಯೂಟರಿಗೆ, ಫೀಸು ತುಂಬಿಸಿಕೊಳ್ಳುವ ಒಂದು ಕೌಂಟರಿಗೆ ಕಾಸು ಬಿಚ್ಚಲಿ.

ಬಿಚ್ಚುವುದಿಲ್ಲ. ನಿಷೇಧಕ್ಕೆ ಖರ್ಚು ಒಂದು ರೆಕ್ಸಿನ್, ಉಳಿದದ್ದಕ್ಕೆಲ್ಲ ದುಡ್ಡು ಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಗೌರವಧನ ಯಾವ ತಿಂಗಳದ್ದು ಯಾವ ತಿಂಗಳು ಬರುತ್ತದೋ ಗೊತ್ತಿಲ್ಲದ ಅವರೇ ಸ್ವಂತ ಲ್ಯಾಪ್‌ಟಾಪ್ ಹೊತ್ತು ತಂದು, ಸ್ವಂತ ಫೋನಿನ ಹಾಟ್‌ಸ್ಪಾಟ್ ಹಾಕಿ, ಸ್ವಂತ ಡೇಟಾದಲ್ಲಿ ವಿಡಿಯೋ ತೋರಿಸುತ್ತಿದ್ದಾರೆ. ಹೊಸ ಲ್ಯಾಪ್‌ಟಾಪಿಗೆ ಹಳೇ ಪ್ರೊಜೆಕ್ಟರಿನ ಕೇಬಲ್ ಕೂರುವುದಿಲ್ಲ. ನಡುವೆ ಒಂದು ಕನ್ವರ್ಟರ್ ಬೇಕು, ನಾನೂರು ರೂಪಾಯಿ. ಕೈಯಿಂದ ಹಾಕಿ ತಂದು ಬಿಲ್ಲು ಕೊಟ್ಟರೆ ಆಫೀಸಿನಲ್ಲಿ ಕೇಳುತ್ತಾರೆ: 'ಮೂರು ಕೊಟೇಷನ್ ಎಲ್ಲಿ ಸಾರ್?'